ಪ್ರೊಫೈಲ್ ಇದೆ, ಫೋನ್ ಮಾತ್ರ ಬರುತ್ತಿಲ್ಲ

ಪ್ರಶ್ನೆ: ನಮಸ್ಕಾರ ಮೇಡಂ. ನನ್ನದು ಡಿಪ್ಲೊಮಾ ಮೆಕ್ಯಾನಿಕಲ್. ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ವಾಲ್ವ್ ಮಾಡುವ ಕಡೆ ನಾಲ್ಕು ವರ್ಷದಿಂದ ಇದ್ದೇನೆ. ಮೊದಲು ವಿಎಂಸಿ (ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯುವ ಮೆಷಿನ್) ಮೇಲಿದ್ದೆ, ಈಗ ಕ್ವಾಲಿಟಿಯಲ್ಲಿ. ನೌಕರಿ ಡಾಟ್ ಕಾಮ್, ಲಿಂಕ್ಡ್‌ಇನ್ ಎರಡರಲ್ಲೂ ಪ್ರೊಫೈಲ್ ಇದೆ. ಹೆಡ್‌ಲೈನ್ 'ಹಾರ್ಡ್ ವರ್ಕಿಂಗ್ ಮೆಕ್ಯಾನಿಕಲ್ ಇಂಜಿನಿಯರ್'. ಸ್ಕಿಲ್ಸ್‌ನಲ್ಲಿ ಎಂಎಸ್ ಆಫೀಸ್, ಟೀಮ್ ವರ್ಕ್, ಲೀಡರ್‌ಶಿಪ್. ಅನುಭವದಲ್ಲಿ 'ಕ್ವಾಲಿಟಿ ಚೆಕಿಂಗ್'. ಪುಣೆ, ಬೆಂಗಳೂರಿಂದ ಒಂದು ಫೋನೂ ಇಲ್ಲ. ಬಿಇ ಆಗಿಲ್ಲ ಅಂತಾನಾ?

ಉತ್ತರ: ಬಿಇ ಇಲ್ಲದ್ದು ಇಲ್ಲಿ ಅಡ್ಡಿ ಅಲ್ಲ. ಮೆಷಿನ್ ಶಾಪ್‌ಗೆ ಜನ ಬೇಕಾದಾಗ ನಾವು ಹುಡುಕುವ ಜಾಗದಲ್ಲಿ 'ಹಾರ್ಡ್ ವರ್ಕಿಂಗ್' ಅಂತ ಟೈಪ್ ಮಾಡುವುದಿಲ್ಲ. 'ವಿಎಂಸಿ', 'ಫಾನಕ್', 'ಏರ್ ಗೇಜ್', 'ಹೈಡ್ರಾಲಿಕ್ ವಾಲ್ವ್' ಅಂತ ಹಾಕುತ್ತೇವೆ, ಅಂದರೆ ಮೆಷಿನ್, ಅದರ ಕಂಟ್ರೋಲರ್, ಅಳೆಯುವ ಸಾಧನ, ಪಾರ್ಟ್ ಇವುಗಳ ಹೆಸರು. ಆ ಮಾತುಗಳು ನಿಮ್ಮ ಪ್ರೊಫೈಲ್‌ನಲ್ಲಿ ಇಲ್ಲ ಅಂದರೆ ನೀವು ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಆ 'ಕ್ವಾಲಿಟಿ ಚೆಕಿಂಗ್' ನೋಡಿ. ಏನನ್ನು ಚೆಕ್ ಮಾಡಿದಿರಿ? ಯಾವುದರಿಂದ? ಎಷ್ಟು ಟಾಲರೆನ್ಸ್‌ಗೆ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆಗೆ)? ವಾಲ್ವ್ ಬಾಡಿಯಲ್ಲಿ 20 ಮಿ.ಮೀ. ಬೋರ್‌ಗೆ (ಕೊರೆದ ತೂತಿಗೆ) ಎಚ್7 ಅನ್ನುವ ಟಾಲರೆನ್ಸ್ ದರ್ಜೆ ಕೊಟ್ಟಿದ್ದರೆ ಅಳತೆ ಹೆಚ್ಚುಕಡಿಮೆ ಆಗಲು ಸಿಗುವ ಅವಕಾಶ ಬರೀ 21 ಮೈಕ್ರಾನ್, ಅಂದರೆ ಒಂದು ಮಿ.ಮೀ.ನ ಸಾವಿರದಲ್ಲಿ 21 ಪಾಲು. ದಿನವೂ ಅದನ್ನು ಅಳೆಯುವ ಕೈ ಸಣ್ಣದಲ್ಲ! ಹೀಗೆ ಬರೆಯಿರಿ: 'ಹೈಡ್ರಾಲಿಕ್ ವಾಲ್ವ್ ಬಾಡಿ ಮತ್ತು ಸ್ಪೂಲ್ ತಪಾಸಣೆ. ಎಚ್7 ಬೋರ್, ಏರ್ ಗೇಜ್ ಮತ್ತು ಬೋರ್ ಡಯಲ್ ಗೇಜ್. ರಿಜೆಕ್ಷನ್ ಬಂದಾಗ ವಿಎಂಸಿ ಆಫ್‌ಸೆಟ್ ಸರಿಪಡಿಸುವುದು.' ಕೊನೆಯ ಮಾತು, ಅಂದರೆ ಮೆಷಿನ್‌ಗೆ ಕೊಟ್ಟ ಅಳತೆಯ ಹೊಂದಾಣಿಕೆ (ಆಫ್‌ಸೆಟ್) ಸರಿಪಡಿಸುವುದು, ಬಹಳ ಮುಖ್ಯ. ತಪ್ಪು ಹಿಡಿಯುವವರು ಸಿಗುತ್ತಾರೆ, ತಪ್ಪು ಮೆಷಿನ್‌ನಲ್ಲಿ ಎಲ್ಲಿ ಹುಟ್ಟಿತು ಅಂತ ಹೇಳುವವರು ಕಡಿಮೆ. ನೀವು ಎರಡೂ ಕಡೆ ಇದ್ದು ಬಂದವರು. ನಿಜವಾಗಿ ಮಾಡಿದ್ದನ್ನಷ್ಟೇ ಬರೆಯಿರಿ, ಇಂಟರ್‌ವ್ಯೂನಲ್ಲಿ ಡ್ರಾಯಿಂಗ್ ಮುಂದಿಟ್ಟು ಕೇಳುತ್ತಾರೆ.

ಪ್ರೊಫೈಲ್ ಇಂಗ್ಲಿಷ್‌ನಲ್ಲೇ ಇರಲಿ. ಲಿಂಕ್ಡ್‌ಇನ್ ಹೆಡ್‌ಲೈನ್‌ಗೆ 220 ಅಕ್ಷರದ ಜಾಗ ಇದೆ, ಆದರೆ ಮೊಬೈಲ್‌ನಲ್ಲಿ ಮೊದಲ ತುಂಡಷ್ಟೇ ಕಾಣುತ್ತದೆ. ಕೆಲಸದ ಹೆಸರು ಮೊದಲು ಬರಲಿ. 'ಇಂಜಿನಿಯರ್' ಅಂತ ಬರೆದು ಡಿಪ್ಲೊಮಾ ಮರೆಮಾಡಬೇಡಿ. ಕಾಗದಪತ್ರ ನೋಡುವ ದಿನ ಹೊರಬಿದ್ದರೆ ಕೈಗೆ ಬಂದ ಕೆಲಸವೂ ಹೋಗುತ್ತದೆ. ಲೀಡರ್‌ಶಿಪ್ ತೆಗೆದುಬಿಡಿ. ಭಾಷೆ ಹಾಕಿ: ಕನ್ನಡ, ಮರಾಠಿ, ಹಿಂದಿ. ನಮ್ಮ ಬೆಳಗಾವಿ ಹುಡುಗರು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ, ಪುಣೆಯ ಶಾಪ್‌ನಲ್ಲಿ ಮರಾಠಿ ಬರುವವರಿಗೆ ಮೊದಲ ದಿನದಿಂದಲೇ ಅನುಕೂಲ.

ಪ್ರಶ್ನೆ: ನಾನು ಚೆಕ್ ಮಾಡಿದ ಪಾರ್ಟ್‌ಗಳ ಫೋಟೊ ಹಾಕಬಹುದಾ ಮೇಡಂ?

ಉತ್ತರ: ಬೇಡ. ಪಾರ್ಟ್ ಆಗಲಿ, ಡ್ರಾಯಿಂಗ್ ಆಗಲಿ, ಅದು ಕಸ್ಟಮರ್‌ದು. ಗುಟ್ಟು ಹೊರಗೆ ಬಿಡಬಾರದು ಅಂತ ಕಂಪನಿ ಬರೆದುಕೊಟ್ಟಿರಬಹುದು. ನೋಡಿದ ನಮಗೂ, ನಾಳೆ ನಮ್ಮದನ್ನೂ ಹೀಗೇ ಹಾಕಿದರೆ ಅನ್ನಿಸುತ್ತದೆ.

ಮಚ್ಛೆಯಿಂದ ಇನ್ನೊಬ್ಬರು: ಅಕ್ಕಾ, ನಮ್ಮ ತಂಗಿ ಐಟಿಐ ಫಿಟ್ಟರ್. ಅಪ್ರೆಂಟಿಸ್ ಮುಗಿದಿದೆ, ಬೇರೆ ಅನುಭವ ಇಲ್ಲ. ಅವಳು ಏನು ಬರೆಯಬೇಕು?

ಉತ್ತರ: ಅಪ್ರೆಂಟಿಸ್ ಮಾಡಿದ್ದೂ ಅನುಭವವೇ. ಓದಿನ ಕೆಳಗೆ ಒಂದು ಸಾಲಾಗಿ ತುರುಕದೆ ಅನುಭವದ ಜಾಗದಲ್ಲೇ ಹಾಕಲಿ, ಅಪ್ರೆಂಟಿಸ್ ಅಂತ ಸ್ಪಷ್ಟವಾಗಿ ಬರೆದು. ಟ್ರೇಡ್ ಸರ್ಟಿಫಿಕೇಟ್ ಬೇರೆ, ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಬೇರೆ. ಎರಡನ್ನೂ ಹೆಸರಿಸಲಿ. ಯಾವ ಅಸೆಂಬ್ಲಿ ಮೇಲೆ ಕೈ ಆಡಿಸಿದಳು, ಯಾವ ಅಳತೆಯ ಸಾಧನ ಹಿಡಿದಳು, ಅದನ್ನೂ.

ಪ್ರಶ್ನೆ (ಮೊದಲಿನವರು): ಇದೆಲ್ಲ ಬದಲಾಯಿಸಿದರೆ ಈಗಿನ ಸಾಹುಕಾರರಿಗೆ ಗೊತ್ತಾಗಲ್ವಾ?

ಉತ್ತರ: ಲಿಂಕ್ಡ್‌ಇನ್‌ನ 'ಓಪನ್ ಟು ವರ್ಕ್'ನಲ್ಲಿ ರಿಕ್ರೂಟರ್‌ಗಳಿಗೆ ಮಾತ್ರ ಅಂತ ಆರಿಸಿ, ಫೋಟೊ ಸುತ್ತ ಹಸಿರು ಪಟ್ಟಿ ಬರುವುದಿಲ್ಲ. ನಿಮ್ಮ ಕಂಪನಿಯ ರಿಕ್ರೂಟರ್‌ಗೆ ತೋರಿಸದಿರಲು ಲಿಂಕ್ಡ್‌ಇನ್‌ನವರು ನೋಡುತ್ತಾರೆ, ಆದರೆ ಪೂರ್ತಿ ಗ್ಯಾರಂಟಿ ಕೊಡುವುದಿಲ್ಲ. ನೌಕರಿ ಡಾಟ್ ಕಾಮ್‌ನಲ್ಲಿ ಕಂಪನಿಯ ಹೆಸರು ಹಾಕಿ ಬ್ಲಾಕ್ ಮಾಡಬಹುದು. ಅದನ್ನು ಮೊದಲು ಮಾಡಿ, ಆಮೇಲೆ ಪ್ರೊಫೈಲ್ ತಿದ್ದಿ. ಹೊಸ ಹೆಡ್‌ಲೈನ್ ಬರೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.