ಮಾಮನಿಗೆ ಉತ್ತರ: ಪುಟ್ಟಿಯ ಲಾಯರ್ ಕೆಲಸ

ಮಾಮ, ನಮಸ್ಕಾರ. ಮೆಸೇಜ್ ಸ್ವಲ್ಪ ಉದ್ದ ಆಗುತ್ತದೆ, ಊಟ ಮಾಡುತ್ತಾ ಕೇಳಿ. ಪುಟ್ಟಿ ಬಳ್ಳಾರಿಯಲ್ಲಿ ಎಲ್‌ಎಲ್‌ಬಿ ಮುಗಿಸಿದಳು, ಬೆಂಗಳೂರಿನ ಲಾ ಫರ್ಮಿನಿಂದಲೂ ತೋರಣಗಲ್ಲು ಕಡೆಯ ಕಂಪನಿಯಿಂದಲೂ ಕರೆ ಬಂದಿದೆ, ಯಾವುದಕ್ಕೆ ಕಳಿಸೋಣ ಅಂತ ನಿನ್ನೆ ಮನೆ ಗ್ರೂಪಿನಲ್ಲಿ ಕೇಳಿದ್ದಿರಿ. ಅದರ ಕೆಳಗೇ ದೊಡ್ಡಪ್ಪ "ಕೋರ್ಟ್ ಮೆಟ್ಟಿಲು ಹತ್ತದವಳು ಎಂಥಾ ಲಾಯರ್" ಅಂತ ಹಾಕಿದ್ದಾರೆ. ದೊಡ್ಡಪ್ಪ, ಕೋರ್ಟಿಗೆ ಹೋಗುವವರು ಬೇರೆ ಇರುತ್ತಾರೆ. ಅವರ ಕೈಗೆ ಸಿಗುವ ಕಾಗದ ಬರೆಯುವವರು ಫರ್ಮಿನಲ್ಲಿ, ಕಂಪನಿಯಲ್ಲಿ ಕೂತು ಕೆಲಸ ಮಾಡುವ ಇಂಥ ಲಾಯರ್‌ಗಳು.

ನನ್ನ ಓಟು ಫರ್ಮಿಗೆ. ಸಂಬಳಕ್ಕಲ್ಲ, ಸನ್ನದಿಗೆ, ಅಂದರೆ ವಕೀಲಿಕೆ ಮಾಡಲು ಬಾರ್ ಕೌನ್ಸಿಲ್ ಕೊಡುವ ಪರವಾನಗಿಗೆ. ಪೂರ್ತಿ ಸಮಯದ ಸಂಬಳದ ನೌಕರಿಯಲ್ಲಿ ಇರುವವರು ವಕೀಲಿಕೆ ಮಾಡುವ ಹಾಗಿಲ್ಲ ಅಂತ ಬಾರ್ ಕೌನ್ಸಿಲ್ ನಿಯಮ ಇದೆ. ಕಂಪನಿ ಸೇರಿದರೆ ಕೌನ್ಸಿಲ್‌ಗೆ ತಿಳಿಸಿ ಸನ್ನದು ಅಮಾನತಿನಲ್ಲಿ ಇಡಬೇಕು. ಈಗಷ್ಟೇ ಓದು ಮುಗಿಸಿದವಳು, ಯಾಕೆ ಒಂದು ಬಾಗಿಲು ಮುಚ್ಚಬೇಕು? ಫರ್ಮುಗಳಲ್ಲಿ ಸಾಮಾನ್ಯವಾಗಿ ಸಂಬಳ ಅಂತ ಕೊಡದೆ ಪ್ರೊಫೆಷನಲ್ ಫೀ ಅಂತ ಕೊಡುತ್ತಾರೆ. 10% ಟಿಡಿಎಸ್ ಹಿಡಿಯುತ್ತಾರೆ, ಪಿಎಫ್ ಇರುವುದಿಲ್ಲ. ಪಿಎಫ್ ಇಲ್ಲ ಅಂದ ಕೂಡಲೇ ಅತ್ತೆ ಹೆದರಬಾರದು. ತೆರಿಗೆ ಜಾಸ್ತಿ ಹಿಡಿದಿದ್ದರೆ ರಿಟರ್ನ್ ಹಾಕಿದಾಗ ವಾಪಸ್ ಬರುತ್ತದೆ.

ಸನ್ನದಿಗೆ ಸಾವಿರಾರು ರೂಪಾಯಿ ಬೇಕು ಅಂತ ಯಾರೋ ಹೇಳಿದರಂತೆ. ಅದು ಹಳೇ ಕಥೆ. ವಕೀಲರ ಕಾಯ್ದೆಯಲ್ಲಿರುವ 750 ರೂಪಾಯಿಗಿಂತ ಜಾಸ್ತಿ ನೋಂದಣಿ ಶುಲ್ಕ ತಗೊಳ್ಳಬಾರದು, ಎಸ್‌ಸಿ-ಎಸ್‌ಟಿಯವರಿಗೆ 125 ಅಂತ 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಹೇಳಿದೆ. ಸ್ಟ್ಯಾಂಪ್ ಖರ್ಚು ಬೇರೆ. ಆಮೇಲೆ ಎಐಬಿಇ ಅಂತ ವಕೀಲಿಕೆ ಮಾಡಲು ಪಾಸಾಗಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆ ಇದೆ: 100 ಪ್ರಶ್ನೆ, ನೆಗೆಟಿವ್ ಮಾರ್ಕ್ ಇಲ್ಲ, ಟಿಪ್ಪಣಿ ಇಲ್ಲದ ಕಾಯ್ದೆ ಪುಸ್ತಕ ಒಳಗೆ ಒಯ್ಯಬಹುದು. ಅವಳಿಗೆ ಕಷ್ಟ ಆಗಲ್ಲ.

ಈಗ ಪುಟ್ಟಿಗೆ. ನಿನಗೆ ಇಂಗ್ಲಿಷ್ ಭಯ ಅಂತ ಗೊತ್ತು. ಮೊದಲ ವರ್ಷ ಯಾರೂ ನಿನ್ನನ್ನು ಭಾಷಣ ಮಾಡು ಅನ್ನುವುದಿಲ್ಲ. ಓದುವುದೇ ಕೆಲಸ. ಒಪ್ಪಂದ, ಬೋರ್ಡ್ ಮೀಟಿಂಗ್ ನಡಾವಳಿ, ಷೇರು ರಿಜಿಸ್ಟರ್, ಮತ್ತೆ ಒಪ್ಪಂದ. ಕೊನೇ ಗಳಿಗೆಯಲ್ಲಿ ಯಾರೋ 12ನೇ ಕಲಮು ತೆಗೆದಿರುತ್ತಾರೆ. 13 ಹೋಗಿ 12 ಆಗಿರುತ್ತದೆ. ನಲವತ್ತನೇ ಪುಟದಲ್ಲಿ ಮಾತ್ರ "ಕಲಮು 13ರ ಪ್ರಕಾರ ಪರಿಹಾರ" ಅಂತ ಹಾಗೇ ಉಳಿದಿರುತ್ತದೆ, ಮತ್ತು 13ರಲ್ಲಿ ಈಗ ನೋಟಿಸ್ ಕಳಿಸುವ ವಿಳಾಸ ಇರುತ್ತದೆ! ರಾತ್ರಿ ಹನ್ನೊಂದಕ್ಕೆ ಅದನ್ನು ಹಿಡಿಯುವವಳು ನೀನು. ಬೇಜಾರಿನ ಕೆಲಸವೇ, ಸುಳ್ಳು ಹೇಳಲ್ಲ. ಆದರೆ ಸೀನಿಯರ್‌ಗಳು ನಂಬುವುದು ಇಂಥವರನ್ನೇ.

ಇನ್ನೊಂದು ವಿಷಯ, ಇದು ಕಾಲೇಜಿನಲ್ಲಿ ಯಾರೂ ಹೇಳಿರಲ್ಲ. ಕೊಪ್ಪಳ, ಯಲಬುರ್ಗಾ ಕಡೆ ಗಾಳಿ ಫ್ಯಾನ್ ಹಾಕುವ ಕಂಪನಿಗಳು ಎಷ್ಟೊಂದು ಜಮೀನು ತಗೊಳ್ಳುತ್ತವೆ ಅಲ್ವಾ? ಸಾಲ ಕೊಡುವ ಬ್ಯಾಂಕಿಗೆ ಆ ಜಮೀನಿನ ಕಾಗದ ಸರಿ ಇದೆಯಾ ಅಂತ ಲಾ ಫರ್ಮಿನಿಂದ ವರದಿ ಬೇಕು. ಪಹಣಿಯ 9ನೇ ಕಾಲಂನಲ್ಲಿ ಮಾಲೀಕ, 10ರಲ್ಲಿ ಜಮೀನು ಬಂದ ಬಗೆ, 11ರಲ್ಲಿ ಸಾಲ-ಋಣ. ಜಮೀನು ಹಿಂದೆ ಎಸ್‌ಸಿ-ಎಸ್‌ಟಿಯವರಿಗೆ ಸರ್ಕಾರ ಮಂಜೂರು ಮಾಡಿದ್ದಾ ಅಂತಲೂ ಹುಡುಕಬೇಕು. ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ (ಇಂಥ ಜಮೀನು ಕೈ ಬದಲಾಗುವುದನ್ನು ತಡೆಯುವ) ಕಾಯ್ದೆ ಪ್ರಕಾರ ಆ ಕ್ರಯ ನಿಲ್ಲಲ್ಲ. ಜಮೀನು ವಾಪಸ್ ಕೇಳಲು ಕಾಲಮಿತಿಯೂ ಇಲ್ಲ ಅಂತ 2023ರಲ್ಲಿ ತಿದ್ದುಪಡಿ ಆಯ್ತು. ಬೆಂಗಳೂರಲ್ಲಿ ಚೆನ್ನಾಗಿ ಇಂಗ್ಲಿಷ್ ಮಾತಾಡುವ ಎಷ್ಟೋ ಜನ ಹಳೇ ಕೈಬರಹದ ಪಹಣಿ ಕಂಡರೆ ಬೆವರುತ್ತಾರೆ. ನೀನು ಅಜ್ಜನ ಟ್ರಂಕಿನ ಕಾಗದ ಓದಿ ಬೆಳೆದವಳು. ಇಂಟರ್‌ವ್ಯೂನಲ್ಲಿ ಇದನ್ನು ನಾಚಿಕೆ ಇಲ್ಲದೆ ಹೇಳು.

ಮಾಮ, ಆಫರ್ ಲೆಟರ್‌ನಲ್ಲಿ ಬಿಟ್ಟು ಹೋಗುವಾಗಿನ ನೋಟಿಸ್ ಎಷ್ಟು ತಿಂಗಳು, ಯಾವ ಟೀಮಿಗೆ ಹಾಕುತ್ತಾರೆ ಅಂತ ನೋಡಬೇಕು. ಪಿಡಿಎಫ್ ನನ್ನ ನಂಬರಿಗೆ ಕಳಿಸಿ, ಗ್ರೂಪಿಗೆ ಬೇಡ. ಮೊತ್ತ ನೋಡಿದರೆ ದೊಡ್ಡಪ್ಪ ನಾಳೆಯಿಂದಲೇ ವರ ಹುಡುಕಲು ಶುರು ಮಾಡುತ್ತಾರೆ.