5×2 ಅಡಿ ಹಲಗೆಯಲ್ಲಿ ಎನ್ ಸ್ಕೇಲ್ ಮಾದರಿ ರೈಲಿನ ಡಬಲ್ ಲೂಪ್: ಬೋಗಿ ಹಳಿ ತಪ್ಪುತ್ತಿದೆ, ಎಂಜಿನ್ ತೆವಳುತ್ತಿದೆ, ಪಾಯಿಂಟ್ ತಿರುಗಿಸಿದರೆ ಶಾರ್ಟ್

ಕಿರುಹಳಿ:
ನಮಸ್ಕಾರ. ಹಲಗೆ 1524 × 610 ಮಿ.ಮೀ., ಒಂದು ಉದ್ದ ಬದಿ ಗೋಡೆಗೆ ತಾಗಿದೆ. ಎನ್ ಸ್ಕೇಲ್ (1:160, 9 ಮಿ.ಮೀ. ಹಳಿ). ಹೊರಲೂಪ್ 282 ಮಿ.ಮೀ. ರೇಡಿಯಸ್, ಒಳಲೂಪ್ 249. ಎರಡನ್ನೂ ಕೂಡಿಸಲು ಮುಂಬದಿಯಲ್ಲಿ 12 ಇಂಚು ರೇಡಿಯಸ್ಸಿನ ಎರಡು ಎಲೆಕ್ಟ್ರೋಫ್ರಾಗ್ ಪಾಯಿಂಟ್ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಹಳಿ ತುಂಡು). ಉಳಿದದ್ದೆಲ್ಲ ಬೇಕಾದಂತೆ ಬಗ್ಗಿಸಬಹುದಾದ ಫ್ಲೆಕ್ಸಿ ಹಳಿ. ಸಾದಾ ಡಿಸಿ, ಲೂಪಿಗೊಂದು ಕಂಟ್ರೋಲರ್, ಲೂಪಿಗೊಂದೇ ಜೋಡಿ ವೈರ್.

ಎಂಜಿನ್ ಮುಂದುಗಡೆ ಸರಿಯಾಗಿ ಓಡುತ್ತದೆ, ಗೋಡೆ ಬದಿಗೆ ಹೋದರೆ ತೆವಳುತ್ತದೆ. 3ಡಿ ಪ್ರಿಂಟ್ ಮಾಡಿದ ಎಲ್‌ಎಚ್‌ಬಿ (ಹೊಸ ಮಾದರಿಯ ಉದ್ದನೆಯ ಪ್ರಯಾಣಿಕ) ಬೋಗಿಗಳು ಒಳಲೂಪಿಗೆ ದಾಟುವಾಗ ಹಳಿ ತಪ್ಪುತ್ತವೆ. ಒಂದು ಪಾಯಿಂಟ್ ತಿರುಗಿಸಿದ ಕೂಡಲೇ ಶಾರ್ಟ್. ಇವು ಸರಿಹೋದರೆ ಸಕಲೇಶಪುರ ಘಾಟಿಯಲ್ಲಿರುವಂಥ ಸೇತುವೆ ಮಾಡಿ ಹಳಿಯ ಮೇಲೆ ಹಳಿ ಹಾಯಿಸುವ ಆಸೆಯೂ ಇದೆ. ಎಲ್ಲಿಂದ ಶುರು ಮಾಡಲಿ?

ಪಾಯಿಂಟ್ಸ್‌ಮನ್:
ಮೊದಲು ಕರೆಂಟ್. 12 ವೋಲ್ಟ್ 5 ವ್ಯಾಟ್‌ನ ಕಾರಿನ ಪಾರ್ಕಿಂಗ್ ಬಲ್ಬಿಗೆ ಎರಡು ವೈರ್ ಬೆಸೆದುಕೊಳ್ಳಿ. ಕಂಟ್ರೋಲರ್ ಪೂರ್ತಿ ಏರಿಸಿ, ಬಲ್ಬನ್ನು ಗೋಡೆ ಬದಿಯ ಹಳಿಗೆ ಹಚ್ಚಿ ಉರಿಸಿ, ಆಮೇಲೆ ಮಲ್ಟಿಮೀಟರ್ ಇಡಿ. ಲೋಡ್ ಇಲ್ಲದೆ ಅಳೆದರೆ ಎಲ್ಲ ಕಡೆಯೂ 12 ಎಂದೇ ತೋರಿಸುತ್ತದೆ, ಪ್ರಯೋಜನವಿಲ್ಲ. ವೈರ್ ಕೊಟ್ಟ ಜಾಗಕ್ಕೂ ಗೋಡೆ ಬದಿಗೂ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಹೇಳಿ.

ಶಾರ್ಟ್ ಯಾಕೆ ಅಂದರೆ, ಎಲೆಕ್ಟ್ರೋಫ್ರಾಗಿನಲ್ಲಿ ಫ್ರಾಗ್ (ಪಾಯಿಂಟಿನಲ್ಲಿ ಎರಡು ಹಳಿ ಕೂಡುವ ‘ವಿ’ ಆಕಾರದ ತುಂಡು) ಲೋಹದ್ದು. ಪಾಯಿಂಟ್ ಯಾವ ಕಡೆಗಿದೆಯೋ ಆ ಕಡೆಯ ಹಳಿಯ ಧ್ರುವವನ್ನು ಅದು ತೆಗೆದುಕೊಳ್ಳುತ್ತದೆ. ಒಂದು ಪಾಯಿಂಟ್ ಅಡ್ಡಕ್ಕೆ, ಇನ್ನೊಂದು ನೇರಕ್ಕೆ ಇದ್ದರೆ ನಡುವಿನ ತುಂಡಿನಲ್ಲಿ ಪ್ಲಸ್ಸು ಮೈನಸ್ಸು ಮುಖಾಮುಖಿ. ಅದೂ ಸಾಲದು, ಲೂಪ್ ಸುತ್ತಿ ಬರುವ ಹಳಿ ಹಿಂದಿನಿಂದಲೂ ಫ್ರಾಗಿಗೆ ಕರೆಂಟ್ ತರುತ್ತದೆ. ಹಾಗಾಗಿ ಕರೆಂಟ್ ತಡೆಯುವ ಪ್ಲಾಸ್ಟಿಕ್ ಜಾಯ್ನರ್ (ಹಳಿಯ ತುದಿಗಳನ್ನು ಕೂಡಿಸುವ ತುಂಡು) ಒಟ್ಟು 4 ಬೇಕು: ಎರಡು ಪಾಯಿಂಟುಗಳ ನಡುವಿನ ಎರಡೂ ಹಳಿಗೆ ಒಂದೊಂದು, ಪ್ರತಿ ಪಾಯಿಂಟಿನ ಫ್ರಾಗಿನಿಂದ ನೇರಕ್ಕೆ ಹೋಗುವ ಹಳಿಗೆ ಒಂದೊಂದು. ಎರಡು ಕಂಟ್ರೋಲರುಗಳನ್ನು ಒಂದರಿಂದೊಂದು ಬೇರ್ಪಡಿಸುವುದೂ ನಡುವಿನ ಆ ಎರಡೇ.

ಕಿರುಹಳಿ:
ಅಳೆದೆ ಸರ್. ಹೊರಲೂಪಿನಲ್ಲಿ ವೈರ್ ಇರುವಲ್ಲಿ 11.6, ಗೋಡೆ ಬದಿ 8.9. ಹಳಿಗೇ ಇಷ್ಟು ರೆಸಿಸ್ಟೆನ್ಸ್ ಇರುತ್ತದೆಯೇ?

ಪಾಯಿಂಟ್ಸ್‌ಮನ್:
ಇರುವುದಿಲ್ಲ, ಜಾಯ್ನರ್‌ಗಳದ್ದೇ ತಪ್ಪು. ಅದೂ ಒಂದರದ್ದಲ್ಲ. ಲೂಪಿನಲ್ಲಿ ಕರೆಂಟ್ ಎಡದಿಂದಲೂ ಬಲದಿಂದಲೂ ಬರುತ್ತದೆ, ಒಂದು ದಾರಿ ಕೆಟ್ಟರೆ ಇನ್ನೊಂದು ದಾರಿ ಸಂಭಾಳಿಸುತ್ತದೆ. ಹಾಗಿದ್ದೂ 2.7 ವೋಲ್ಟ್ ಬಿದ್ದಿದೆ ಎಂದರೆ ಎರಡೂ ದಾರಿ ಕೆಟ್ಟಿವೆ. ಬಲ್ಬ್ ಉರಿಯುತ್ತಿರುವಾಗಲೇ ಮೀಟರಿನ ಒಂದು ಮೊನೆ ಜಾಯ್ನರಿನ ಈಚೆ ಹಳಿಗೆ, ಇನ್ನೊಂದು ಆಚೆ ಹಳಿಗೆ ಇಟ್ಟು ಒಂದೊಂದನ್ನೇ ನೋಡಿ. ಒಳ್ಳೆಯ ಜಾಯ್ನರಿನಲ್ಲಿ 0.05 ವೋಲ್ಟೂ ಕಾಣಬಾರದು.

ಕೆಟ್ಟದ್ದನ್ನು ಹುಡುಕಿ ಬದಲಾಯಿಸಿದರೂ ಮುಂದಿನ ಮಳೆಗಾಲಕ್ಕೆ ಇನ್ನೊಂದು ಕೆಡುತ್ತದೆ. ಜಾಯ್ನರ್ ಹಳಿಯನ್ನು ಸಾಲಾಗಿ ಹಿಡಿದಿಡಲಿ ಸಾಕು, ಕರೆಂಟ್ ಸಾಗಿಸುವ ಕೆಲಸ ಅದಕ್ಕೆ ಬೇಡ. ನಿಮ್ಮ ಹೊರಲೂಪ್ ಸುಮಾರು 3.6 ಮೀಟರ್, ಅಂದರೆ 914 ಮಿ.ಮೀ. ಫ್ಲೆಕ್ಸಿ ನಾಲ್ಕು ತುಂಡು. ತುಂಡಿಗೊಂದು ಜೋಡಿ ಫೀಡರ್ (ಹಳಿಗೆ ಕರೆಂಟ್ ತರುವ ವೈರ್) ಕೊಡಿ, ಒಟ್ಟು 8 ವೈರ್. ಹಲಗೆಯ ಕೆಳಗೆ 1.5 ಸ್ಕ್ವೇರ್ ಎಂಎಂ ಮುಖ್ಯ ವೈರ್, ಅದರಿಂದ ಹಳಿಗೆ 0.5 ಸ್ಕ್ವೇರ್ ಎಂಎಂ, ಒಂದೊಂದೂ ಗೇಣುದ್ದ ಮೀರದಿರಲಿ. ಕೆಂಪು ಹೊರಹಳಿಗೆ, ಕಪ್ಪು ಒಳಹಳಿಗೆ. ಒಂದೇ ಒಂದು ಅದಲುಬದಲಾದರೂ ಇಡೀ ಲೂಪ್ ಶಾರ್ಟ್, ಆದ್ದರಿಂದ ಒಂದು ಜೋಡಿ ಕೊಟ್ಟು ಓಡಿಸಿ ನೋಡಿ, ಆಮೇಲೆ ಮುಂದಿನದು.

ಬೆಸುಗೆ ಹಾಕುವಾಗ ಹಳಿಯ ಹೊರಮೈಯನ್ನು ಸಣ್ಣ ಅರದಿಂದ ಉಜ್ಜಿ ಹೊಳಪು ಬರಿಸಿ, ಹಳಿಗೂ ವೈರಿಗೂ ಬೇರೆಬೇರೆಯಾಗಿ ತೆಳುವಾಗಿ ಸೋಲ್ಡರ್ ಸವರಿ, ಆಮೇಲೆ ಎರಡನ್ನೂ ಕೂಡಿಸಿ 2–3 ಸೆಕೆಂಡ್ ಮಾತ್ರ ಐರನ್ ಇಡಿ. ಎರಡೂ ಪಕ್ಕ ಒದ್ದೆ ಹತ್ತಿ ಇಟ್ಟಿರಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಸ್ಲೀಪರ್ ಕರಗಿ ಗೇಜ್ ಕಿರಿದಾಗುತ್ತದೆ.

ಗೂಡ್ಸ್‌ಶೆಡ್:
ಕರೆಂಟ್ ವಿಷಯ ಪಾಯಿಂಟ್ಸ್‌ಮನ್ ಅವರು ಹೇಳಿದ್ದಾರೆ. ಹಳಿ ತಪ್ಪುವುದು ವೈರಿಂಗಿನಿಂದ ಸರಿಹೋಗುವುದಲ್ಲ, ಅದು ಪ್ಲ್ಯಾನಿನ ಸಮಸ್ಯೆ.

ಎಲ್‌ಎಚ್‌ಬಿ ಬೋಗಿ ನಿಜದಲ್ಲಿ 24 ಮೀಟರ್, 1:160ರಲ್ಲಿ 150 ಮಿ.ಮೀ. ಬೋಗಿಯ ಉದ್ದದ ಮೂರರಷ್ಟು ರೇಡಿಯಸ್ ಇದ್ದರೆ ಚಿಂತೆಯಿಲ್ಲ, ಎರಡೂವರೆಯಷ್ಟು ಇದ್ದರೆ ಹೇಗೋ ಸಾಗುತ್ತದೆ. ನಿಮಗೆ ಬೇಕಾದದ್ದು 450 ಅಥವಾ ಕನಿಷ್ಠ 375, ಇರುವುದು 249. ಹಳೆಯ ಮಾದರಿಯ ಐಸಿಎಫ್ ಬೋಗಿ ಹಾಕಿದರೂ 139 ಮಿ.ಮೀ., ದೊಡ್ಡ ವ್ಯತ್ಯಾಸವಿಲ್ಲ. ಅದರ ಮೇಲೆ ಕ್ರಾಸ್‌ಓವರ್, ಅಂದರೆ ಎರಡು ಲೂಪ್ ಕೂಡಿಸುವ ಆ ಜೋಡಿ ಪಾಯಿಂಟ್. ಒಂದು ಪಾಯಿಂಟ್ ಎಡಕ್ಕೆ ತಿರುಗಿಸಿ ಕೂಡಲೇ ಇನ್ನೊಂದು ಬಲಕ್ಕೆ ತಿರುಗಿಸುತ್ತದೆ. ಹಾವಿನಂಥ ಆ ತಿರುವಿನಲ್ಲಿ ಮುಂದಿನ ಬೋಗಿಯ ತುದಿ ಒಂದು ಪಕ್ಕಕ್ಕೆ, ಹಿಂದಿನದರ ತುದಿ ಇನ್ನೊಂದು ಪಕ್ಕಕ್ಕೆ ಹೊರಚಾಚುತ್ತದೆ, ನಡುವಿನ ಕಪ್ಲಿಂಗ್ ಹಗುರವಾದ ಬೋಗಿಯನ್ನು ಅಡ್ಡಕ್ಕೆ ಎಳೆದು ಎತ್ತುತ್ತದೆ. ಎರಡು ತಿರುವಿನ ನಡುವೆ ಒಂದು ಬೋಗಿಯಷ್ಟಾದರೂ ನೇರ ಹಳಿ ಬೇಕು. ಕ್ರಾಸ್‌ಓವರಿನಲ್ಲಿ ಅದಕ್ಕೆ ಜಾಗವೆಲ್ಲಿ?

3ಡಿ ಪ್ರಿಂಟ್ ಬೋಗಿ ತೂಗಿ ನೋಡಿದ್ದೀರಾ? ಎನ್‌ಎಂಆರ್‌ಎ (ಅಮೆರಿಕದ ಮಾದರಿ ರೈಲು ಸಂಘ) ಶಿಫಾರಸಿನ ಲೆಕ್ಕದಲ್ಲಿ 150 ಮಿ.ಮೀ. ಬೋಗಿಗೆ ಸುಮಾರು 39 ಗ್ರಾಂ ಬೇಕು. ಕಡಿಮೆಯಿದ್ದರೆ ತೂಕ ಸೇರಿಸಿ, ಆದರೆ ಬೋಗಿಯ ತಳಕ್ಕೆ ಅಂಟುವಂತೆ ಕೆಳಗೆ.

ನನ್ನ ಕೇಳಿದರೆ ಒಳಲೂಪ್ ಕಿತ್ತುಹಾಕಿ. ಜಾಗಕ್ಕೆ ತಕ್ಕ ರೈಲು ಇಟ್ಟುಕೊಳ್ಳಿ, ರೈಲಿಗಾಗಿ ಹಳಿಯನ್ನು ಬಗ್ಗಿಸಬೇಡಿ. ಬಾಕ್ಸ್‌ಎನ್ (ಮೇಲೆ ತೆರೆದ ಗೂಡ್ಸ್) ವ್ಯಾಗನ್ 10.7 ಮೀಟರ್, ಅಂದರೆ 67 ಮಿ.ಮೀ. ಅದರ ಮೂರರಷ್ಟು 201, ನಿಮ್ಮ 282ರ ಲೂಪಿನಲ್ಲಿ ಆರಾಮಾಗಿ ಓಡುತ್ತದೆ. ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ 107 ಮಿ.ಮೀ., ಅದೂ ಸರಿಯೇ.

ಒಳಲೂಪ್ ಹೋದ ಜಾಗಕ್ಕೆ ಇಂಗ್ಲ್‌ನುಕ್ ಶಂಟಿಂಗ್ ಯಾರ್ಡ್ (ವ್ಯಾಗನ್‌ಗಳನ್ನು ಹಿಂದೆಮುಂದೆ ಸರಿಸಿ ಜೋಡಿಸುವ ಒಗಟಿನ ಆಟ) ಹಾಕಿ. ಮೂರು ಸೈಡಿಂಗ್: 5 ವ್ಯಾಗನ್, 3, 3. ವ್ಯಾಗನಿಗೆ ಕಪ್ಲಿಂಗ್ ಸೇರಿ 70 ಮಿ.ಮೀ. ಹಿಡಿದರೆ ಸೈಡಿಂಗ್ 350, 210, 210. ಎಂಜಿನ್ ಜೊತೆ ಮೂರು ವ್ಯಾಗನ್ ನಿಲ್ಲುವ ಎಳೆಹಳಿ ಸುಮಾರು 325. ಪಾಯಿಂಟು, ಪಕ್ಕದ ಹಳಿಗೆ ತಾಗದಿರಲು ಬಿಡುವ ಜಾಗ ಎಲ್ಲ ಸೇರಿ 870ರ ಆಸುಪಾಸು. ಎಂಟು ವ್ಯಾಗನಿನಲ್ಲಿ ಐದನ್ನು ಹೇಳಿದ ಕ್ರಮದಲ್ಲೇ ಜೋಡಿಸಬೇಕು, 6720 ಬಗೆ ಇದೆ. ಎಳೆಹಳಿಯನ್ನು ಮಾತ್ರ ಉದ್ದ ಮಾಡಬೇಡಿ, ನಾಲ್ಕನೇ ವ್ಯಾಗನ್ ಹಿಡಿಸಿದರೆ ಆಟದ ಮಜವೇ ಹೋಯಿತು. ವ್ಯಾಗನ್ ಬಿಡಿಸಲು ನಕಲ್ (ಮಡಚಿದ ಬೆರಳಿನಂಥ ಕೊಕ್ಕೆಯ) ಕಪ್ಲಿಂಗಾದರೆ ಚೂಪು ಮಾಡಿದ ಬಿದಿರು ಕಡ್ಡಿ ನಡುವೆ ತಿರುಚಿದರೆ ಸಾಕು.

ಕಿರುಹಳಿ:
ಒಳಲೂಪ್ ತೆಗೆಯುತ್ತೇನೆ. ಆದರೆ ಹೊರಲೂಪಿನ ತಿರುವಿನಲ್ಲೂ ಒಂದೇ ಜಾಗದಲ್ಲಿ ವ್ಯಾಗನ್ ಎಗರುತ್ತದೆ. ಸೇತುವೆ ಬಗ್ಗೆಯೂ ಹೇಳಿ.

ಗೂಡ್ಸ್‌ಶೆಡ್:
ಅಲ್ಲೊಂದು ಜಾಯಿಂಟ್ ಇರಬೇಕು. ದೀಪ ಆರಿಸಿ, ಟಾರ್ಚನ್ನು ಹಳಿಯ ಮಟ್ಟಕ್ಕೇ ಇಟ್ಟು ಉದ್ದಕ್ಕೆ ನೋಡಿ: ಕಮಾನಿನ ನಡುವೆ ಹಳಿ ಮೂಲೆ ಹೊಡೆದದ್ದು ಕಾಣುತ್ತದೆ. ಹೊರಹಳಿಯ ಒಳಮೈ ಮೇಲೆ ಉಗುರು ಸವರಿದರೆ ಟಕ್ ಎಂದು ತಡೆಯುತ್ತದೆ. ಚಕ್ರದ ಅಂಚು ಏರುವುದೂ ಅಲ್ಲೇ. ಫ್ಲೆಕ್ಸಿಯ ತುದಿ ಬಗ್ಗಲು ಒಪ್ಪುವುದಿಲ್ಲ, ನೇರಕ್ಕೇ ಎಳೆಯುತ್ತದೆ. ಎರಡು ತುಂಡನ್ನು ನೇರವಾಗಿಟ್ಟು ಜಾಯ್ನರಿಗೆ ಬೆಸುಗೆ ಹಾಕಿ, ಆರಿದ ಮೇಲೆ ಒಟ್ಟಿಗೇ ಬಗ್ಗಿಸಿ. ನೇರ ಭಾಗದ ಜಾಯ್ನರಿಗೆ ಬೆಸುಗೆ ಬೇಡ, ಅಲ್ಲಿ ಅರ್ಧ ಮಿ.ಮೀ. ಸಂದು ಬಿಡಿ.

ಸೇತುವೆ ಲೆಕ್ಕ ನೋಡಿ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯ ಏರು 50ಕ್ಕೆ 1. ಎನ್ ಸ್ಕೇಲಿನಲ್ಲಿ ಹಳಿಯ ಮೇಲೆ ಹಳಿ ಹಾಯಲು ಸೇತುವೆಯ ದಪ್ಪ ಸೇರಿ 55 ಮಿ.ಮೀ. ಎತ್ತರ ಬೇಕು. ಅದೇ ಏರಿನಲ್ಲಿ ಹತ್ತಲು 2.75 ಮೀಟರ್, ಇಳಿಯಲು ಇನ್ನೊಂದು 2.75. ಒಟ್ಟು 5.5. ನಿಮ್ಮ ಲೂಪೇ 3.6. ಏರನ್ನು 25ಕ್ಕೆ 1 ಮಾಡಿದರೆ ಲೂಪಿನ ಮುಕ್ಕಾಲು ಪಾಲು ಅದಕ್ಕೇ ಹೋಗುತ್ತದೆ, ತಿರುವಿನ ಘರ್ಷಣೆಯೂ ಸೇರಿ ಎಂಜಿನ್ ನಾಲ್ಕು ವ್ಯಾಗನಿಗೇ ಏದುಸಿರು ಬಿಡುತ್ತದೆ.

ಹಳಿ ಏರಿಸಬೇಡಿ, ನೆಲ ಇಳಿಸಿ. ಮೂಲೆಯೊಂದರಲ್ಲಿ ಹಳಿಯ ಕೆಳಗೆ 40 ಮಿ.ಮೀ. ಅಗಲದ ಪ್ಲೈವುಡ್ ಪಟ್ಟಿ ಉಳಿಸಿ ಸುತ್ತಲಿನ ಹಲಗೆ ಕತ್ತರಿಸಿ ತೆಗೆಯಿರಿ, 60–70 ಮಿ.ಮೀ. ಕೆಳಗೆ ಕಣಿವೆಯ ತಳ ಕೂರಿಸಿ. ಪಟ್ಟಿಗೆ ಎರಡೂ ಪಕ್ಕ ಗರ್ಡರ್ ಅಂಟಿಸಿದರೆ ಘಾಟಿಯ ಸೇತುವೆ ಆಯಿತು, ಹಳಿ ಸಪಾಟಾಗಿಯೇ ಉಳಿಯಿತು. ಕತ್ತರಿಸಿದ ಅಂಚಿಗೆಲ್ಲ ಬಣ್ಣ ಹೊಡೆಯಿರಿ, ಪ್ಲೈವುಡ್ ತೇವ ಕುಡಿಯುವುದೇ ಅಲ್ಲಿಂದ. ಹೊಸ ಪ್ಲೈವುಡ್ ತರುವುದಾದರೆ ಐಎಸ್ 710 (ನೀರು ತಡೆಯುವ ಮೆರೀನ್ ದರ್ಜೆ) ಮುದ್ರೆಯದ್ದನ್ನೇ ಕೇಳಿ.

ಪಾಯಿಂಟ್ಸ್‌ಮನ್:
ಒಂದು ಮಾತು ಬಿಟ್ಟುಹೋಗಿತ್ತು. ಯಾರ್ಡಿಗೆ ತಿರುಗುವ ಪಾಯಿಂಟನ್ನು ಲೂಪಿನಲ್ಲಿ ಇಡುವಾಗ ಲೂಪಿನ ಕಡೆ ಫ್ರಾಗ್ ಹಳಿಗೆ ಪ್ಲಾಸ್ಟಿಕ್ ಜಾಯ್ನರ್ ಬೇಕೇ ಬೇಕು, ಯಾರ್ಡಿಗೆ ಬೇರೆ ಫೀಡರ್ ಕೊಟ್ಟರೆ ಆ ಕಡೆಗೂ ಒಂದು. ಹೊರಲೂಪಿನ ನಡುಗೆರೆ ಹಲಗೆಯ ಅಂಚಿನಿಂದ ಬರೀ 23 ಮಿ.ಮೀ. ದೂರದಲ್ಲಿದೆ. ಮೂರು ಬದಿಗೂ 50 ಮಿ.ಮೀ. ಎತ್ತರಕ್ಕೆ ಅಕ್ರಿಲಿಕ್ ಪಟ್ಟಿ ಹಾಕಿಬಿಡಿ, ಎಂಜಿನ್ ನೆಲಕ್ಕೆ ಬೀಳುವ ಮೊದಲು.