ಪದಚರ್ಚೆ: ಫರ್ನೇಸ್ ‘ಕೆಟ್ಟಿದೆ’ ಎಂದರೆ ಏನು ಕೆಟ್ಟಿದೆ?

ಪ್ರಶ್ನೆ: ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸಿನ ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಫರ್ನೇಸಿಗೆ ‘ಕುಲುಮೆ’ ಆಗುತ್ತದೆಯೇ? ರಿಪೇರಿಯ ಅಧ್ಯಾಯಕ್ಕೆ ‘ಫರ್ನೇಸ್ ಕೆಟ್ಟಾಗ’ ಎಂಬ ತಲೆಬರಹ ಸಾಕೇ?

ಉತ್ತರ: ಕುಲುಮೆ ಬೇಡ, ಅದು ಕಬ್ಬಿಣ ಕಾಯಿಸುವ ಕಮ್ಮಾರನ ಬೆಂಕಿ. ಅಗ್ಗಿಷ್ಟಿಕೆಯೂ ಹೊಂದದು, ಅದರ ಮುಂದೆ ಕೂತು ಮೈ ಕಾಯಿಸಿಕೊಳ್ಳುತ್ತೇವೆ, ಫರ್ನೇಸಿನಲ್ಲಿ ಕಾದ ಗಾಳಿಯೇ ಕೋಣೆಗಳಿಗೆ ಬರುತ್ತದೆ. ‘ಫರ್ನೇಸ್’ ಎಂದೇ ಇಟ್ಟು, ಮೊದಲ ಸಲ ‘ಬಿಸಿಗಾಳಿ ಒಲೆ’ ಎಂದು ಬಿಡಿಸಿ ಹೇಳಿ.

ನಿಜವಾದ ತೊಡಕು ‘ಕೆಟ್ಟಾಗ’ದಲ್ಲಿದೆ. ಕನ್ನಡದಲ್ಲಿ ಯಂತ್ರವೂ ಕೆಡುತ್ತದೆ, ಬೆಂಕಿಯೂ ಕೆಡುತ್ತದೆ. ರಿಪೇರಿಗೆ ಬರುವವರಿಗೆ ಬೇಕಾದದ್ದು ಯಾವ ಹಂತದಲ್ಲಿ ನಿಂತಿತು ಎಂಬುದು. ಕೋಣೆಯ ಕಾವು ನೋಡುವ ಥರ್ಮೋಸ್ಟಾಟ್ ಬಿಸಿ ಕೇಳಿದೊಡನೆ ಹೊಗೆ ಎಳೆಯುವ ಸಣ್ಣ ಫ್ಯಾನ್ ತಿರುಗುತ್ತದೆ, ಆ ಎಳೆತವನ್ನು ಅರಿಯುವ ಪ್ರೆಷರ್ ಸ್ವಿಚ್ ಕೂಡಿಕೊಳ್ಳುತ್ತದೆ, ಉರಿ ಹೊತ್ತಿಸುವ ಇಗ್ನೈಟರ್ ಕೆಂಡವಾಗುತ್ತದೆ, ಗ್ಯಾಸಿನ ವಾಲ್ವ್ ತೆರೆದು ಬರ್ನರ್ ಹೊತ್ತುತ್ತದೆ, ಆಮೇಲೆ ದೊಡ್ಡ ಬ್ಲೋವರ್ ಬೀಸುತ್ತದೆ. ಹಾಗಾಗಿ ಅಧ್ಯಾಯವನ್ನು ಕ್ರಿಯಾಪದಗಳ ಮೇಲೆ ಒಡೆಯಿರಿ.

‘ಹೊತ್ತುತ್ತಿಲ್ಲ’ ಎಂದರೆ ಇಗ್ನೈಟರ್ ಸೀಳಿರಬಹುದು, ಪ್ರೆಷರ್ ಸ್ವಿಚ್ ಕೂಡದಿರಬಹುದು. ‘ಉರಿ ನಿಂತರೂ ಗಾಳಿ ಬೀಸುತ್ತಲೇ ಇದೆ’ ಎಂದರೆ ಮೊದಲು ಫಿಲ್ಟರ್ ನೋಡಬೇಕು. ಅದು ಕಟ್ಟಿಕೊಂಡರೆ ಒಳಗೆ ಕಾವು ಮಿತಿಮೀರಿ ಲಿಮಿಟ್ ಸ್ವಿಚ್ ಗ್ಯಾಸ್ ನಿಲ್ಲಿಸುತ್ತದೆ.

ಹೊತ್ತಿದ ಕೆಲವೇ ಸೆಕೆಂಡಿನಲ್ಲಿ ಉರಿ ಹೋಗುವುದಕ್ಕೆ ‘ಆರುತ್ತದೆ’ ಎಂದು ಬರೆದರೆ ತಪ್ಪು ದಾರಿಗೆ ಎಳೆಯುತ್ತದೆ. ಉರಿ ತಾನಾಗಿ ಆರುವುದಿಲ್ಲ, ಫರ್ನೇಸನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಅದನ್ನು ನಂದಿಸುತ್ತದೆ. ಜ್ವಾಲೆಯೊಳಗೆ ನಿಂತ ತೆಳು ಸರಳೇ ಫ್ಲೇಮ್ ಸೆನ್ಸರ್. ಜ್ವಾಲೆಯ ಮೂಲಕ ಅದಕ್ಕೆ ಕೆಲವೇ ಮೈಕ್ರೋಆಂಪಿಯರ್ ಕರೆಂಟ್ ಹರಿಯಬೇಕು. ಸರಳಿನ ಮೇಲೆ ಪೊರೆ ಕಟ್ಟಿದರೆ ಕರೆಂಟ್ ಹರಿಯದು, ಬೋರ್ಡಿಗೆ ಉರಿ ‘ಕಾಣದು’, ಗ್ಯಾಸ್ ಮುಚ್ಚುತ್ತದೆ. ಕೆಲವು ಸಲ ಯತ್ನಿಸಿ ಲಾಕೌಟ್ ಆಗುತ್ತದೆ, ಅಂದರೆ ಮತ್ತೆ ಹೊತ್ತಿಸಲು ಯತ್ನಿಸದೆ ನಿಂತುಬಿಡುತ್ತದೆ. ಕರೆಂಟ್, ಗ್ಯಾಸ್ ಎರಡನ್ನೂ ನಿಲ್ಲಿಸಿ, ಸ್ಕ್ರೂ ಬಿಚ್ಚಿ, ಸರಳನ್ನು ನಯವಾದ ಸ್ಟೀಲ್ ವುಲ್‌ನಿಂದ ಉಜ್ಜಬೇಕು. ಇಲ್ಲಿ ‘ಕೆರೆಯಿರಿ’ ಎಂದು ಬರೆಯಬೇಡಿ, ಗೀರು ಬಿದ್ದರೆ ಕೊಳೆ ಬೇಗ ಕೂರುತ್ತದೆ. ಪಕ್ಕದ ಇಗ್ನೈಟರನ್ನು ಬರಿಗೈಯಲ್ಲಿ ಮುಟ್ಟಬಾರದೆಂಬ ಸಾಲೂ ಇರಲಿ.

ಉರಿಯ ಕಾವನ್ನು ಗಾಳಿಗೆ ದಾಟಿಸುವ ಲೋಹದ ಭಾಗವಾದ ಹೀಟ್ ಎಕ್ಸ್‌ಚೇಂಜರಿನ ‘ಬಿರುಕು’ ಮಾತ್ರ ಬೇರೆ ಪುಟದಲ್ಲಿ, ದಪ್ಪಕ್ಷರದಲ್ಲಿ ಬರಲಿ. ಅದನ್ನು ‘ಗ್ಯಾಸ್ ಸೋರಿಕೆ’ ಎಂದರೆ ಓದುಗರು ವಾಸನೆಗೆ ಕಾಯುತ್ತಾರೆ. ಅಲ್ಲಿಂದ ಬರಬಹುದಾದ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ.